ನಾಲಿಗೆಯ ಋಣ

ಊಟದ ವಿಷಯದಲ್ಲಿ ನಮ್ಮ ಹಿರಿಯರು ಎರಡು ಬಗೆಯಾಗಿ ಮಾತನಾಡಿದ್ದಾರೆ. ‘ಊಟ ಬಲ್ಲವನಿಗೆ ರೋಗವಿಲ್ಲ’ ಎಂದು ಒಂದು ಕಡೆ ಉಣ್ಣುವುದನ್ನು ವಿದ್ಯೆಯ ಪಟ್ಟಕ್ಕೇರಿಸಿದರು. ‘ಹಸಿವು ರುಚಿಯರಿಯದು’ ಎಂದು ಇನ್ನೊಂದು ಕಡೆ ರುಚಿಯನ್ನು ಹೊಟ್ಟೆ ತುಂಬಿದವರ ಚಪಲವೆಂದು ತಳ್ಳಿಹಾಕಿದರು. ಮನೆಯಲ್ಲಿ ಅಡಿಗೆಯ ಹುಚ್ಚು ಹಿಡಿದವರೊಬ್ಬರಿದ್ದರೆ ಸಾಕು, ಈ ಎರಡು ಮಾತುಗಳ ಜಗಳ ದಿನವೂ ಕಿವಿಗೆ ಬೀಳುತ್ತದೆ. ಹುಳಿಪುಡಿಗೆ ಕೊತ್ತಂಬರಿ ಬೀಜ ಎಷ್ಟು, ಮೆಂತ್ಯ ಎಷ್ಟು ಎಂದು ಪುಸ್ತಕದಲ್ಲಿ ಬರೆದಿಡುವವರು. ಒಂದು ದೋಸೆಗಾಗಿ ರವಿವಾರ ಬೆಳಿಗ್ಗೆ ಡೊಂಬಿವಲಿಯಿಂದ ಮಾಟುಂಗಾಕ್ಕೆ ಲೋಕಲ್ ಗಾಡಿಯಲ್ಲಿ ಬರುವವರು. ತಟ್ಟೆ ಬಂದೊಡನೆ ಕೈಯಿಕ್ಕುವ ಮೊದಲು ಮೊಬೈಲಿನಲ್ಲಿ ಚಿತ್ರ ತೆಗೆಯುವವರು: ಇಂಥವರು ನಮ್ಮ ನಡುವೆ ಬೇಕಾದಷ್ಟು ಮಂದಿ ಇದ್ದಾರೆ. ಅವರನ್ನು ನೋಡಿ ನಗುವವರೂ ಅಷ್ಟೇ ಮಂದಿ.

ಈ ಉತ್ಸಾಹ ಒಂದು ದೌರ್ಬಲ್ಯವೇ, ನಿರಪಾಯಕರವಾದ ಹವ್ಯಾಸವೇ, ಅಥವಾ ಅದರಲ್ಲಿ ಏನಾದರೂ ಒಳ್ಳೆಯದಿದೆಯೇ? ಇದೇ ಪ್ರಸ್ತುತ ಲೇಖನದ ಪ್ರಶ್ನೆ. ನಾನು ಕೇಂದ್ರ ಸರಕಾರದ ಕಛೇರಿಯೊಂದರಲ್ಲಿ ಗುಮಾಸ್ತ, ಓದಿದ್ದು ಬಿ.ಎಸ್ಸಿ.; ತತ್ತ್ವಶಾಸ್ತ್ರ ನನ್ನ ವಿಷಯವಲ್ಲ. ಆದರೆ ಅಡಿಗೆ ನನ್ನ ಪ್ರೀತಿಯ ವಿಷಯ. ಆದ್ದರಿಂದ ಈ ಮೊಕದ್ದಮೆಯಲ್ಲಿ ನಾನು ಕಕ್ಷಿದಾರನೂ ಹೌದೆಂಬುದನ್ನು ವಾಚಕರು ಮೊದಲೇ ತಿಳಿದಿರುವುದು ಒಳ್ಳೆಯದು.

ಮೊದಲು ಫಿರ್ಯಾದಿಯ ಪಕ್ಷವನ್ನು ಕೇಳೋಣ. ಅದು ಬಲವಾದ ಪಕ್ಷ. ಗ್ರೀಸಿನ ಪ್ಲೇಟೋ ತನ್ನ ‘ಗೋರ್ಗಿಯಸ್’ ಸಂವಾದದಲ್ಲಿ ಅಡಿಗೆ ಒಂದು ಕಲೆಯೇ ಅಲ್ಲವೆಂದು ಸಾಕ್ರೆಟೀಸನ ಬಾಯಿಂದ ಹೇಳಿಸಿದ್ದಾನೆ. ವೈದ್ಯ ನಮಗೆ ಹಿತವಾದುದನ್ನು ಕೊಡುತ್ತಾನೆ, ಅಡಿಗೆಯವನು ಪ್ರಿಯವಾದುದನ್ನು ಕೊಟ್ಟು ನಮ್ಮನ್ನು ಮುಖಸ್ತುತಿಯಿಂದ ಮರುಳುಮಾಡುತ್ತಾನೆ ಎಂಬುದು ಅಲ್ಲಿಯ ವಾದ. ಇಂಗ್ಲೆಂಡಿನ ಜಾನ್ ಸ್ಟುವರ್ಟ್ ಮಿಲ್ ಸುಖವಾದಿಯೇ ಆಗಿದ್ದರೂ 1861ರಲ್ಲಿ ಪ್ರಕಟವಾದ ತನ್ನ ಪ್ರಬಂಧದಲ್ಲಿ ಸುಖಗಳಲ್ಲಿ ಮೇಲು ಕೀಳು ಎಂದು ವಿಂಗಡಿಸಿ, ದೇಹದ ಸುಖವನ್ನು ಬುದ್ಧಿಯ ಸುಖಕ್ಕಿಂತ ಕೆಳಗಿನ ಪಂಕ್ತಿಯಲ್ಲಿ ಕೂರಿಸಿದ. ನಮ್ಮ ದೇಶದಲ್ಲಿ ಮಹಾತ್ಮಾ ಗಾಂಧಿಯವರು ಆಶ್ರಮದ ವ್ರತಗಳಲ್ಲಿ ‘ಅಸ್ವಾದ’ವನ್ನೂ ಒಂದಾಗಿ ಸೇರಿಸಿದರು, 1930ರಲ್ಲಿ ಯರವಡಾ ಸೆರೆಮನೆಯಿಂದ ಆಶ್ರಮಕ್ಕೆ ಬರೆದ ಪತ್ರಗಳಲ್ಲಿ ಅದನ್ನು ವಿವರಿಸಿದರು. ಆಹಾರವನ್ನು ಔಷಧದಂತೆ, ಶರೀರಕ್ಕೆ ಬೇಕಾದಷ್ಟೇ ತೆಗೆದುಕೊಳ್ಳಬೇಕು, ನಾಲಿಗೆಯ ಸಂತೋಷಕ್ಕಾಗಿ ಅಲ್ಲ ಎಂಬುದು ಅವರ ನಿಲುವು. ನಾಲಿಗೆಯನ್ನು ಗೆಲ್ಲದವನು ಬೇರೆ ಯಾವುದನ್ನೂ ಗೆಲ್ಲಲಾರ ಎಂಬ ಅವರ ಅನುಭವವನ್ನು ಹಗುರವಾಗಿ ಕಾಣುವಂತಿಲ್ಲ.

ಇನ್ನು ಪ್ರತಿವಾದಿಯ ಪಕ್ಷ. ಗೀತೆಯ ಹದಿನೇಳನೆಯ ಅಧ್ಯಾಯದಲ್ಲಿ ಸಾತ್ತ್ವಿಕ ಆಹಾರದ ಲಕ್ಷಣ ಹೇಳುವಾಗ ಆಯುಸ್ಸು, ಆರೋಗ್ಯಗಳ ಜತೆಗೆ ಅದು ರಸವುಳ್ಳದ್ದಾಗಿ, ಮನಸ್ಸಿಗೆ ಹಿಡಿಸುವಂತಿರಬೇಕೆಂದೂ ಹೇಳಿದೆ. ರಸ ಕಳೆದುಕೊಂಡದ್ದನ್ನು ತಾಮಸ ಎಂದಿದೆ. ತೈತ್ತಿರೀಯ ಉಪನಿಷತ್ತಿನ ಭೃಗುವಲ್ಲಿಯಂತೂ ಅನ್ನವನ್ನು ಹಳಿಯಬಾರದು, ಅದನ್ನು ಹೆಚ್ಚಾಗಿ ಬೆಳೆಸಬೇಕು, ಮನೆಗೆ ಬಂದ ಯಾರನ್ನೂ ಹಿಂದಕ್ಕೆ ಕಳಿಸಬಾರದು ಎಂಬುದನ್ನು ವ್ರತವಾಗಿಯೇ ವಿಧಿಸುತ್ತದೆ. ನಮ್ಮ ನಾಡಿನವರಿಗೂ ಅಡಿಗೆ ನಾಚಿಕೆಯ ವಿಷಯವಾಗಿರಲಿಲ್ಲ. 11ನೆಯ ಶತಮಾನದ ಎರಡನೆಯ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಪಾಕದ ವಿಚಾರಕ್ಕೆ ಸ್ಥಾನವಿದೆ. 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರ ‘ಮಾನಸೋಲ್ಲಾಸ’ ಬರೆಯುವಾಗ ರಾಜ್ಯಭಾರದ ಜತೆಯಲ್ಲೇ ಭಕ್ಷ್ಯಭೋಜ್ಯಗಳಿಗೂ ಜಾಗ ಕೊಟ್ಟ. ಮೂರನೆಯ ಮಂಗರಸನಂತೂ ‘ಸೂಪಶಾಸ್ತ್ರ’ ಎಂದು ಅಡಿಗೆಗೇ ಒಂದು ಪದ್ಯಕೃತಿಯನ್ನು ಮೀಸಲಿಟ್ಟ. ಚಕ್ರವರ್ತಿಗೂ ಕವಿಗೂ ಕೀಳೆನಿಸದ ವಿಷಯ ಗುಮಾಸ್ತನಿಗೆ ಕೀಳೆನಿಸಬೇಕಾದ ಕಾರಣವಿಲ್ಲ.

ಹಾಗೆಂದ ಮಾತ್ರಕ್ಕೆ ಮೊಕದ್ದಮೆ ಮುಗಿಯಲಿಲ್ಲ. ಎರಡೂ ಪಕ್ಷಗಳು ರುಚಿಯನ್ನು ಉಣ್ಣುವವನಿಗೂ ಅವನ ನಾಲಿಗೆಗೂ ನಡುವಿನ ಖಾಸಗಿ ವ್ಯವಹಾರವೆಂದು ಭಾವಿಸಿವೆಯೆಂದು ನನಗೆ ತೋರುತ್ತದೆ. ನಾಲಿಗೆಯನ್ನು ಗೆಲ್ಲಬೇಕೆ, ತಣಿಸಬೇಕೆ ಎಂಬಷ್ಟಕ್ಕೇ ಚರ್ಚೆ ನಿಂತುಬಿಡುತ್ತದೆ. ಆದರೆ ಉಣ್ಣುವವನು ಯಾವಾಗಲೂ ಒಬ್ಬನೇ ಇರುವುದಿಲ್ಲ. ಅವನ ಬಾಳೆಲೆಯ ಸುತ್ತ ಕಣ್ಣಿಗೆ ಕಾಣದ ಅನೇಕರು ನಿಂತಿರುತ್ತಾರೆ. ಮನುಷ್ಯನಿಗೆ ಹುಟ್ಟಿನಿಂದ ಬರುವ ಋಣಗಳು ಮೂರು, ದೇವಋಣ, ಋಷಿಋಣ, ಪಿತೃಋಣ ಎಂದು ನಾವು ಕೇಳುತ್ತ ಬಂದಿದ್ದೇವೆ. ಶತಪಥ ಬ್ರಾಹ್ಮಣದಲ್ಲಿ ನಾಲ್ಕನೆಯದೊಂದು ಸೇರುತ್ತದೆ, ಅದು ಮನುಷ್ಯಋಣ. ಇತರರಿಗೆ ನೆಲೆಯನ್ನೂ ಅನ್ನವನ್ನೂ ಕೊಟ್ಟು ತೀರಿಸಬೇಕಾದ ಋಣ ಅದು. ರುಚಿಯ ಪ್ರಶ್ನೆಯನ್ನು ಈ ನಾಲ್ಕನೆಯ ಋಣದ ಲೆಕ್ಕದಲ್ಲಿ ಬರೆದರೆ ಉತ್ತರ ಸಿಕ್ಕೀತೇ ಎಂದು ನೋಡೋಣ.

ಒಂದು ಬಟ್ಟಲು ಸಾರನ್ನೇ ತೆಗೆದುಕೊಳ್ಳಿ. ‘ನಮ್ಮ ಕಡೆಯ ಸಾರು’ ಎಂದು ನಾವು ಮೀಸೆ ತಿರುವುತ್ತೇವೆ. ಅದರೊಳಗಿನ ಹುಣಿಸೆಯ ಮೂಲ ಆಫ್ರಿಕಾ. ಬಹು ಪುರಾತನ ಕಾಲದಲ್ಲೇ ಅದು ನಮ್ಮಲ್ಲಿ ಬೇರೂರಿತು. ಮೆಣಸಿನಕಾಯಿಯೂ ಟೊಮೆಟೊವೂ ಅಮೆರಿಕದ ಮೂಲದವು. ಮೆಣಸಿನಕಾಯಿಯನ್ನು ನಮ್ಮ ಕರಾವಳಿಗೆ ತಂದವರು ಪೋರ್ತುಗೀಜರು. ಒಗ್ಗರಣೆಗೆ ಬೀಳುವ ಇಂಗು ಇರಾನ್, ಅಫ್ಘಾನಿಸ್ತಾನಗಳ ಒಣ ಬೆಟ್ಟಗಳಲ್ಲಿ ಬೆಳೆಯುವ ಗಿಡದ ಬೇರಿನಿಂದ ಒಸರುವ ಅಂಟು. ಭಾರತದಲ್ಲಿ ಅದನ್ನು ಬೆಳೆಯುವ ಪ್ರಯತ್ನವಾಗಿ ನಮ್ಮ ವಿಜ್ಞಾನಿಗಳು ಹಿಮಾಚಲ ಪ್ರದೇಶದ ಲಾಹೌಲ್ ಕಣಿವೆಯಲ್ಲಿ ಸಸಿ ನೆಟ್ಟದ್ದು 2020ರ ಅಕ್ಟೋಬರಿನಲ್ಲಿ. ಬ್ಯಾಡಗಿಯ ಮೆಣಸಿನಕಾಯಿ ಹಾವೇರಿಯ ಹೆಮ್ಮೆ. ಖಾರ ಕಡಿಮೆ, ಬಣ್ಣ ಹೆಚ್ಚು. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಆದರೆ ಅದೂ ಕಡಲು ದಾಟಿ ಬಂದ ವಂಶದ ಕುಡಿಯೇ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಯ ಅಭಾವ ಬಂದಾಗ ಹುಟ್ಟಿದ್ದೇ ರವೆ ಇಡ್ಲಿಯೆಂದು ಬೆಂಗಳೂರಿನ ಎಂ.ಟಿ.ಆರ್. ಸಂಸ್ಥೆಯವರು ಹೇಳುತ್ತಾರೆ. ಇಂದು ಅದು ಯಾರಿಗೂ ಅಭಾವದ ತಿಂಡಿಯಾಗಿ ಕಾಣುವುದಿಲ್ಲ.

ನಾಲಿಗೆಯ ವಿಜ್ಞಾನವೂ ಇದೇ ವಿನಯವನ್ನು ಕಲಿಸುತ್ತದೆ. ಆಯುರ್ವೇದ ಷಡ್ರಸಗಳನ್ನು ಎಣಿಸಿತು. ಈಗಿನ ವಿಜ್ಞಾನ ಐದು ಮೂಲ ರುಚಿಗಳನ್ನು ಹೇಳುತ್ತದೆ: ಸಿಹಿ, ಹುಳಿ, ಉಪ್ಪು, ಕಹಿ, ಮತ್ತು 1908ರಲ್ಲಿ ಜಪಾನಿನ ಕಿಕುನಾಯೆ ಇಕೆಡಾ ಹೆಸರಿಟ್ಟ ಉಮಾಮಿ. ಖಾರ ಈ ಪಟ್ಟಿಯಲ್ಲಿಲ್ಲ. ಸುಡುವ ಶಾಖವನ್ನು ಗ್ರಹಿಸುವ ನರದ ಬಾಗಿಲನ್ನೇ ಮೆಣಸಿನಕಾಯಿಯ ಕ್ಯಾಪ್ಸೈಸಿನ್ ತಟ್ಟುತ್ತದೆಂದು 1997ರಲ್ಲಿ ಡೇವಿಡ್ ಜೂಲಿಯಸ್ ಮತ್ತು ಅವರ ಸಹೋದ್ಯೋಗಿಗಳು ತೋರಿಸಿದರು. 2021ರಲ್ಲಿ ಜೂಲಿಯಸ್ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದರು. ಎಂದರೆ ಖಾರ ಒಂದು ಬಗೆಯ ನೋವು, ಅಭ್ಯಾಸದಿಂದ ನಾವು ಪ್ರೀತಿಸಲು ಕಲಿತ ನೋವು. ನಮಗೆ ಯಾವುದು ರುಚಿ ಎಂಬುದರಲ್ಲಿ ಬಹುಪಾಲನ್ನು ಬಾಲ್ಯದ ಅಡಿಗೆಮನೆ ಕಲಿಸಿರುತ್ತದೆ. ಇನ್ನೊಬ್ಬನಿಗೆ ಅವನ ಅಡಿಗೆಮನೆ ಬೇರೊಂದನ್ನು ಕಲಿಸಿರುತ್ತದೆ. ಹೀಗಿರುವಾಗ ನನ್ನ ನಾಲಿಗೆಯನ್ನು ಇನ್ನೊಬ್ಬನ ನಾಲಿಗೆಗೆ ನ್ಯಾಯಾಧೀಶನಾಗಿ ಕೂರಿಸಲು ಯಾವ ಆಧಾರವಿದೆ?

ಆದರೂ ನಾವು ಕೂರಿಸುತ್ತೇವೆ. ಭೋಜನಪ್ರಿಯರ ನಿಜವಾದ ದುರ್ಗುಣ ಹೊಟ್ಟೆಬಾಕತನವಲ್ಲ, ತಾತ್ಸಾರ. ಮುದ್ದೆಯೆಂದರೆ ಮೂಗು ಮುರಿಯುವ ಕರಾವಳಿಯವರು, ಕುಚ್ಚಲಕ್ಕಿಯ ಗಂಜಿಯೆಂದರೆ ನಗುವ ಬಯಲುಸೀಮೆಯವರು, ಜೋಳದ ರೊಟ್ಟಿ ಬಡಿಯುವ ಸದ್ದನ್ನು ಅಣಕಿಸುವವರು, ಒಣಮೀನಿನ ವಾಸನೆ ಬಂತೆಂದು ಸೊಸಾಯಿಟಿಯ ಕಾರ್ಯದರ್ಶಿಗೆ ದೂರು ಬರೆಯುವವರು, ಇವರೆಲ್ಲ ಒಂದೇ ಕಟ್ಟಡದ ಬೇರೆ ಬೇರೆ ಮಾಳಿಗೆಗಳಲ್ಲಿದ್ದಾರೆ. ಕನಕದಾಸರು ‘ರಾಮಧಾನ್ಯಚರಿತೆ’ಯಲ್ಲಿ ಈ ತಾತ್ಸಾರವನ್ನೇ ವಿಚಾರಣೆಗೆ ಒಡ್ಡಿದರು. ತಾನೇ ಶ್ರೇಷ್ಠ ಎಂದು ನೆಲ್ಲೂ ರಾಗಿಯೂ ರಾಮನ ಮುಂದೆ ವಾದ ಹೂಡುತ್ತವೆ. ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಅವಧಿ ಮುಗಿದಾಗ ನೆಲ್ಲು ಸೊರಗಿರುತ್ತದೆ, ರಾಗಿ ಗಟ್ಟಿಯಾಗಿ ನಿಂತಿರುತ್ತದೆ. ಧಾನ್ಯಗಳ ಜಗಳದ ಹಿಂದೆ ಉಣ್ಣುವ ಜನಗಳ ಮೇಲು ಕೀಳಿನ ಜಗಳವಿದೆ ಎಂಬುದನ್ನು ಅರಿಯಲು ಪಾಂಡಿತ್ಯ ಬೇಕಿಲ್ಲ.

ಕಾಲ ಬದಲಾಗಿ ರಾಗಿಗೆ ಮರ್ಯಾದೆ ಬಂದಿದೆ. ಭಾರತದ ಸೂಚನೆಯ ಮೇರೆಗೆ ವಿಶ್ವಸಂಸ್ಥೆ 2023ನೆಯ ಇಸವಿಯನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. ದೊಡ್ಡ ಹೋಟೆಲುಗಳಲ್ಲಿ ರಾಗಿಯ ತಿಂಡಿಗೆ ಅಕ್ಕಿಯ ತಿಂಡಿಗಿಂತ ಹೆಚ್ಚು ಬೆಲೆ. ಸಂತೋಷವೇ. ಆದರೆ ತಲೆಮಾರುಗಳಿಂದ ರಾಗಿಯನ್ನೇ ಉಂಡು ಬದುಕಿದವರಿಗೆ ಆ ಮರ್ಯಾದೆಯ ಎಷ್ಟನೆಯ ಪಾಲು ಸಂದಿತು? ಧಾನ್ಯವನ್ನು ಗೌರವಿಸಿ ಅದನ್ನು ಉಂಡವನನ್ನು ಮರೆತರೆ ಅದನ್ನು ರುಚಿಶುದ್ಧಿ ಎನ್ನಬಹುದೇ ಹೊರತು ಹೃದಯಶುದ್ಧಿ ಎನ್ನಲಾಗದು.

ಎರಡನೆಯ ಲೆಕ್ಕ ಕೈಗಳದು. ಮುಂಬಯಿಯಲ್ಲಿರುವ ನಮಗೆ ಹೋಟೆಲೆಂದರೆ ಇಡ್ಲಿ ಸಾಂಬಾರು ಸಿಗುವ ಜಾಗ ಮಾತ್ರವಲ್ಲ. ಅದು ನಮ್ಮ ಚರಿತ್ರೆ. 1942ರಲ್ಲಿ ಎ. ರಾಮ ನಾಯಕರು ಮಾಟುಂಗಾದಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದಂತೆ, ಅನೇಕ ಸಾಹಸಿಗಳು ಕರಾವಳಿಯಿಂದ ಬಂದು ಈ ನಗರಕ್ಕೆ ಊಟ ಹಾಕಿದರು. ಅವರ ಹೆಸರು ಫಲಕಗಳಲ್ಲಿ ಉಳಿದಿದೆ. ಹೆಸರುಳಿಯದವರು ಇನ್ನೂ ಹೆಚ್ಚು. ಎಳೆಯ ವಯಸ್ಸಿನಲ್ಲಿ ಊರು ಬಿಟ್ಟು ಬಂದು, ಹಗಲೆಲ್ಲ ಮೇಜು ಒರೆಸಿ ಲೋಟ ತೊಳೆದು, ಸಂಜೆ ಕನ್ನಡ ರಾತ್ರಿಶಾಲೆಗಳ ಬೆಂಚಿನ ಮೇಲೆ ತೂಕಡಿಸುತ್ತಲೇ ಓದಿ ಮುಂದೆ ಬಂದವರು ನಮ್ಮ ಸಂಘಗಳ ಹಿರಿಯ ಸದಸ್ಯರಲ್ಲೇ ಇದ್ದಾರೆ. ಓದಲಾಗದೆ ಅಲ್ಲೇ ಉಳಿದವರ ಕತೆಯನ್ನು ಬರೆಯುವವರಿಲ್ಲ. ಹೋಟೆಲು, ಧಾಬಾ, ಮನೆಗೆಲಸಗಳಲ್ಲಿ 14 ವರ್ಷದೊಳಗಿನ ಮಕ್ಕಳನ್ನು ದುಡಿಸುವುದನ್ನು ನಮ್ಮ ದೇಶ ನಿಷೇಧಿಸಿದ್ದು 2006ರ ಅಕ್ಟೋಬರ್ 10ರಿಂದ. ಅಲ್ಲಿಯ ತನಕ ನಾವು ಹೊಗಳಿ ತಿಂದ ಎಷ್ಟೋ ದೋಸೆಗಳ ತಟ್ಟೆಯನ್ನು ಎತ್ತಿದವನು ಶಾಲೆಯಲ್ಲಿರಬೇಕಾಗಿದ್ದ ಹುಡುಗ. ದೋಸೆ ಕೆಟ್ಟದಾಗಿತ್ತೆಂದು ನಾನು ಹೇಳುತ್ತಿಲ್ಲ. ದೋಸೆ ಚೆನ್ನಾಗಿತ್ತು, ಅದಕ್ಕಾಗಿಯೇ ಋಣ ಎನ್ನುವುದು.

ಹೋಟೆಲಿನಿಂದ ಮನೆಗೆ ಬರೋಣ. ಕೇಂದ್ರ ಸರಕಾರದ ಅಂಕಿಅಂಶ ಕಛೇರಿ 2019ರಲ್ಲಿ ನಡೆಸಿದ ಕಾಲವಿನಿಯೋಗದ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ದುಡಿದರೆ, ಅದರಲ್ಲಿ ತೊಡಗುವ ಗಂಡಸರು 97 ನಿಮಿಷ ದುಡಿಯುತ್ತಾರೆ. ತೊಡಗುವ ಗಂಡಸರಾದರೂ ಎಷ್ಟು ಮಂದಿ? ನೂರರಲ್ಲಿ ಸುಮಾರು 26. ಈ ಹಿನ್ನೆಲೆಯಲ್ಲಿ ನಮ್ಮ ರವಿವಾರದ ಪಾಕಪ್ರವೀಣರನ್ನು ನೋಡಿ. ಆತ ಮೊಬೈಲಿನಲ್ಲಿ ವಿಡಿಯೋ ನೋಡಿ ಏಳು ಪಾತ್ರೆ ಬಳಸಿ ಒಂದು ಪಲ್ಯ ಮಾಡುತ್ತಾನೆ. ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಅತಿಥಿಗಳು ಪಾಕವಿಧಾನ ಕೇಳಿ ಬರೆದುಕೊಳ್ಳುತ್ತಾರೆ. ವಾರದ ಮಿಕ್ಕ ಆರು ದಿನ, ದಿನಕ್ಕೆರಡು ಬಾರಿ ಅದೇ ಒಲೆಯ ಮುಂದೆ ನಿಂತವಳಿಗೆ ‘ಉಪ್ಪು ಸ್ವಲ್ಪ ಮುಂದಾಯಿತು’ ಎಂಬುದೊಂದೇ ವಿಮರ್ಶೆ. ಒಂದೇ ಕೆಲಸ ಒಬ್ಬನಿಗೆ ಕಲೆ, ಇನ್ನೊಬ್ಬಳಿಗೆ ಕರ್ತವ್ಯ. ಉತ್ಸಾಹ ತಪ್ಪಲ್ಲ, ಅದು ಏಳು ಪಾತ್ರೆಗಳ ಬಳಿಗೆ ಬಂದಾಗ ಎಲ್ಲಿಗೆ ಹೋಗುತ್ತದೆ ಎಂಬುದೇ ಪ್ರಶ್ನೆ. ಅಡಿಗೆಯನ್ನು ಪ್ರೀತಿಸುತ್ತೇನೆನ್ನುವವನು ಪಾತ್ರೆ ತೊಳೆಯುವುದನ್ನೂ ಅಡಿಗೆಯೊಳಗೇ ಎಣಿಸಬೇಕು.

ಇಲ್ಲಿ ಒಂದು ಸೂಕ್ಷ್ಮ ಪ್ರಶ್ನೆ ಏಳುತ್ತದೆ. ಕೈರುಚಿಯ ಗುಟ್ಟನ್ನು ಇತರರಿಗೆ ಹೇಳಲೇಬೇಕೇ? ಹೋಟೆಲಿನವನಿಗೆ ಅದು ಜೀವನೋಪಾಯ. ಅವನು ಹೇಳದಿದ್ದರೆ ಅನ್ಯಾಯವಿಲ್ಲ. ಮನೆಯ ಅಡಿಗೆಯವರೂ ‘ಇದು ನಮ್ಮ ಮನೆಯ ಗುಟ್ಟು’ ಎಂದು ನಗುತ್ತ ಬಾಯಿ ಮುಚ್ಚಿಕೊಂಡರೆ ಅದೂ ಸರಿಯೆ. ಆದರೆ ಒಪ್ಪಿಕೊಂಡು ಬರೆಸುವಾಗ ಒಂದು ಸಾಮಾನನ್ನು ಬೇಕೆಂದೇ ಬಿಟ್ಟು ಬರೆಸುವ ಪದ್ಧತಿ ಕೆಲವರಲ್ಲಿದೆ. ಕೇಳಿದವರು ಮನೆಗೆ ಹೋಗಿ ಮಾಡಿ, ರುಚಿ ಬಾರದೆ, ತಮ್ಮ ಕೈಯನ್ನೇ ಹಳಿದುಕೊಳ್ಳುತ್ತಾರೆ. ಮೌನ ಒಂದು ಹಕ್ಕು. ಅರ್ಧ ಸತ್ಯ ಒಂದು ಸುಳ್ಳು. ಚಿಟಿಕೆ ಇಂಗಿನ ವಿಷಯವಾದರೂ ಸುಳ್ಳು ಸುಳ್ಳೇ. ಅದರಲ್ಲೂ ಆ ಪಾಕವನ್ನು ನಾವು ಕಂಡುಹಿಡಿದದ್ದೇನಲ್ಲ. ತಾಯಿಯಿಂದಲೋ ಅತ್ತೆಯಿಂದಲೋ ನೆರೆಮನೆಯವರಿಂದಲೋ ಬಂದದ್ದು. ಸಾಲವಾಗಿ ಬಂದದ್ದನ್ನು ಸ್ವಂತ ಆಸ್ತಿಯೆಂದು ಬೀಗ ಹಾಕುವುದು ಲೆಕ್ಕಪತ್ರದ ದೃಷ್ಟಿಯಿಂದಲೂ ಸರಿಯಲ್ಲ.

‘ಅಯ್ಯಾ, ಒಂದು ವಡೆ ತಿನ್ನುವ ಮೊದಲು ಪೋರ್ತುಗೀಜರನ್ನೂ, ಲೋಟ ತೊಳೆದ ಹುಡುಗನನ್ನೂ, ಸಮೀಕ್ಷೆಯ ಅಂಕಿಗಳನ್ನೂ ನೆನೆಯುತ್ತ ಕುಳಿತರೆ ವಡೆ ಆರಿಹೋಗುವುದಿಲ್ಲವೇ? ಅದಕ್ಕಿಂತ ಗಾಂಧೀಜಿಯ ಅಸ್ವಾದವೇ ಸುಲಭವಲ್ಲವೇ?’ ಎಂದು ವಾಚಕರು ಆಕ್ಷೇಪಿಸಬಹುದು. ಆಕ್ಷೇಪಣೆ ನ್ಯಾಯವಾದದ್ದು. ನನ್ನ ಉತ್ತರ ಇಷ್ಟು: ಋಣ ಬೇರೆ, ಪಾಪ ಬೇರೆ. ಪಾಪವಾದರೆ ವಡೆಯನ್ನು ಬಿಡಬೇಕಾಗುತ್ತದೆ. ಋಣವಾದರೆ ವಡೆಯನ್ನು ಬಿಸಿಯಾಗಿಯೇ ತಿಂದು, ಆಮೇಲೆ ತೀರಿಸುವ ದಾರಿ ನೋಡಬೇಕಾಗುತ್ತದೆ. ಇನ್ನು ಅಸ್ವಾದದ ಮಾತು. ಗಾಂಧೀಜಿ ಆಹಾರದ ಬಗ್ಗೆ ಉದಾಸೀನರಾಗಿದ್ದವರಲ್ಲ. ಹಸಿ ಆಹಾರ, ಕಡಲೆಕಾಯಿ, ಆಡಿನ ಹಾಲು ಎಂದು ಜೀವಮಾನವೆಲ್ಲ ಪ್ರಯೋಗ ನಡೆಸಿ, ಯಾವುದು ಎಷ್ಟು ಎಂದು ತೂಗಿ ನೋಡಿದವರು. ಅವರ ವೈರಾಗ್ಯದಲ್ಲಿ ಅಪಾರವಾದ ಗಮನವಿತ್ತು. ನಮ್ಮಲ್ಲಿ ಅನೇಕರು ‘ನನಗೇನು, ಏನು ಹಾಕಿದರೂ ಆದೀತು’ ಎನ್ನುತ್ತ ವೃತ್ತಪತ್ರಿಕೆಯನ್ನೋ ಮೊಬೈಲನ್ನೋ ನೋಡುತ್ತ ಉಂಡೇಳುತ್ತಾರೆ. ಇದನ್ನು ವೈರಾಗ್ಯವೆಂದು ಅವರು ಭಾವಿಸಿರಬಹುದು. ಒಲೆಯ ಮುಂದೆ ಎರಡು ಗಂಟೆ ನಿಂತವರ ದೃಷ್ಟಿಯಿಂದ ಅದು ಅಲಕ್ಷ್ಯ. ರುಚಿಯನ್ನು ಗಮನಿಸದವನು ಮಾಡಿದವರನ್ನೂ ಗಮನಿಸಲಾರ. ನಾಲಿಗೆಯ ಎಚ್ಚರ ಮನುಷ್ಯರ ಬಗೆಗಿನ ಎಚ್ಚರಕ್ಕೆ ಬಾಗಿಲಾಗಬಲ್ಲದು. ಬಾಗಿಲ ಬಳಿಯೇ ನಿಂತುಬಿಡಬಾರದು ಅಷ್ಟೇ.

ತೀರಿಸುವ ದಾರಿ ದೊಡ್ಡದೇನಲ್ಲ. ಚೆನ್ನಾಗಿದ್ದುದನ್ನು ಚೆನ್ನಾಗಿದೆ ಎಂದು ಬಾಯಿಬಿಟ್ಟು ಹೇಳುವುದು. ಎಲೆಯಲ್ಲಿ ಬಿಡುವಷ್ಟನ್ನು ಹಾಕಿಸಿಕೊಳ್ಳದಿರುವುದು. ಬಡಿಸಿದವರು ಉಂಡರೇ ಎಂದು ಕೇಳುವುದು. ಕಲಿತ ಪಾಕವನ್ನು ಕಲಿಸಿದವರ ಹೆಸರಿನೊಂದಿಗೆ ಮುಂದಿನವರಿಗೆ ದಾಟಿಸುವುದು. ಇನ್ನೊಬ್ಬರ ಡಬ್ಬಿ ತೆರೆದಾಗ ಮೂಗು ಮುಚ್ಚದಿರುವುದು. ಎಲ್ಲಕ್ಕಿಂತ ಮುಖ್ಯವಾಗಿ, ಪಂಕ್ತಿಯಲ್ಲಿ ಜಾಗ ಬಿಡುವುದು. ಇದು ಹಳೆಯ ಮಾತಲ್ಲ. ಹೋಟೆಲು, ಊಟದ ಮನೆಗಳಿಗೆ ಜಾತಿ ಧರ್ಮಗಳ ಕಾರಣದಿಂದ ಯಾರನ್ನೂ ತಡೆಯಬಾರದೆಂದು 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನ 15ನೆಯ ಅನುಚ್ಛೇದದಲ್ಲಿ ಬರೆಯಬೇಕಾಯಿತು. ಹಾಗೆ ತಡೆಯುವುದು ಅಂದು ವಾಡಿಕೆಯಾಗಿದ್ದುದರಿಂದಲೇ ಬರೆಯಬೇಕಾಯಿತು. ಅಷ್ಟಾದ ಮೇಲೂ, ಅಡಿಗೆಯವಳು ದಲಿತಳೆಂಬ ಕಾರಣಕ್ಕೆ ಶಾಲೆಯ ಬಿಸಿಯೂಟವನ್ನು ಮಕ್ಕಳಿಗೆ ಉಣ್ಣಗೊಡದ ಸುದ್ದಿಗಳು ಈ ಶತಮಾನದಲ್ಲೂ ಹಲವು ರಾಜ್ಯಗಳಿಂದ ಬಂದಿವೆ. ಆ ಸಾರಿನಲ್ಲಿ ಉಪ್ಪು ಹುಳಿ ಸರಿಯಾಗಿಯೇ ಇದ್ದಿರಬಹುದು. ಮನಸ್ಸು ಕೆಟ್ಟರೆ ನಾಲಿಗೆಗೆ ರುಚಿ ತಿಳಿಯುವ ಅವಕಾಶವೇ ಬರುವುದಿಲ್ಲ.

ಬಿಸಿಯೂಟದ ಮಾತು ಬಂದದ್ದರಿಂದ ಇನ್ನೊಂದು ವಿಷಯ. 2001ರ ನವೆಂಬರ್ 28ರಂದು ಸರ್ವೋಚ್ಚ ನ್ಯಾಯಾಲಯ ಸರಕಾರಿ ಪ್ರಾಥಮಿಕ ಶಾಲೆಗಳ ಮಕ್ಕಳಿಗೆ ಬರಿಯ ಧಾನ್ಯವನ್ನಲ್ಲ, ಬೇಯಿಸಿದ ಊಟವನ್ನೇ ಕೊಡಬೇಕೆಂದು ಆಜ್ಞೆ ಮಾಡಿತು. ಈ ಆಜ್ಞೆಯ ಬಗ್ಗೆ ನಾನು ಆಗಾಗ ಯೋಚಿಸುತ್ತೇನೆ. ಕ್ಯಾಲೊರಿಯ ಲೆಕ್ಕದಲ್ಲಿ ಮೂರು ಕಿಲೋ ಅಕ್ಕಿ ಮೂರು ಕಿಲೋ ಅಕ್ಕಿಯೇ. ಆದರೆ ಚೀಲದ ಅಕ್ಕಿಗೂ, ಎದುರಿಗೆ ಹಬೆಯಾಡುವ ಅನ್ನ ಸಾರಿಗೂ ವ್ಯತ್ಯಾಸ ಕ್ಯಾಲೊರಿಯದಲ್ಲ. ಯಾರೋ ನನಗಾಗಿ ಬೇಯಿಸಿದ್ದಾರೆ, ಒಗ್ಗರಣೆ ಹಾಕಿದ್ದಾರೆ, ಪಕ್ಕದವನ ಜತೆ ಕೂರಿಸಿ ಬಡಿಸಿದ್ದಾರೆ ಎಂಬ ಅರಿವು ಮಗುವಿನ ಹೊಟ್ಟೆಗಿಂತ ಆಳವಾದ ಜಾಗವನ್ನು ಮುಟ್ಟುತ್ತದೆ.

ಆದ್ದರಿಂದ ‘ಹಸಿವು ರುಚಿಯರಿಯದು’ ಎಂಬ ಗಾದೆಯನ್ನು ಹಸಿದವರೇ ಕಟ್ಟಿದರೋ, ಹಸಿದವರಿಗೆ ಬಡಿಸುವ ಕಡೆಯವರು ಕಟ್ಟಿದರೋ ಎಂಬ ಸಂಶಯ ನನಗಿದೆ. ಇದ್ದುದನ್ನು ತಿನ್ನುವುದು ಹಸಿದವನ ಅನಿವಾರ್ಯ. ಇದ್ದುದನ್ನೇ ಹಾಕಿದರೆ ಸಾಕೆನ್ನುವುದು ನಮ್ಮ ಅನುಕೂಲ. ರುಚಿ ನನಗೆ ಬೇಕಾದದ್ದಾದರೆ ಅದು ಎಲ್ಲರಿಗೂ ಬೇಕಾದದ್ದು. ನನ್ನ ಮೊಕದ್ದಮೆಯ ತೀರ್ಪು ಇಷ್ಟೇ: ರುಚಿಯನ್ನು ಪ್ರೀತಿಸುವುದು ಅಪರಾಧವಲ್ಲ, ಅದನ್ನು ನನ್ನ ಎಲೆಗೆ ಮಾತ್ರ ಸೀಮಿತಗೊಳಿಸುವುದು ಅಪರಾಧ. ಪಾಕಪುಸ್ತಕ ಬರೆದಿಡುವವರು ಬರೆದಿಡಲಿ, ದೋಸೆಗಾಗಿ ರೈಲು ಹತ್ತುವವರು ಹತ್ತಲಿ. ಪುಸ್ತಕದ ಕೊನೆಯ ಪುಟದಲ್ಲಿ, ‘ಸಾಮಾನುಗಳು’ ಎಂಬ ತಲೆಬರಹದಂತೆಯೇ, ‘ಸಲ್ಲಬೇಕಾದವರು’ ಎಂಬ ತಲೆಬರಹವೂ ಒಂದಿರಲಿ.